ಹೊಸ ಊರಿನಲ್ಲಿ ಹಸುಗೂಸು



ಕ್ರಿಸ್ತಜಯಂತಿಯ ನಂತರ ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ. 1921ರಲ್ಲಿ ಜಗದ್ಗುರು ಹದಿನೈದನೇ ಬೆನೆಡಿಕ್ಟ್‌ರವರು ಇದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಮೂರು ವರ್ಷಕ್ಕೊಮ್ಮೆ ಆ ದಿನದ ಪೂಜೆಯಲ್ಲಿ ಸಂತ ಮತ್ತಾಯರ ಶುಭಸಂದೇಶದ ಎರಡನೇ ಅಧ್ಯಾಯವನ್ನು ಓದಲಾಗುತ್ತದೆ. ರಾತ್ರೋರಾತ್ರಿ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಜೋಸೆಫರು ಈಜಿಪ್ಟಿಗೆ ಹೊರಟ ಕಥೆ ಅದು. ಅವರು ಹೊರಟದ್ದನ್ನೂ ಮರಳಿದ್ದನ್ನೂ ಮತ್ತಾಯರು ಬರೆದಿದ್ದಾರೆ. ನಡುವಿನ ದಿನಗಳ ಬಗ್ಗೆ ಒಂದು ಮಾತೂ ಇಲ್ಲ. ಆ ಊರಿನಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಟ್ಟವರಾರು? ಬಡಗಿಗೆ ಮೊದಲ ಕೆಲಸ ಸಿಕ್ಕಿದ್ದು ಎಲ್ಲಿ? ಮಗುವಿಗೆ ನೀರೆರೆಯಲು ಮರಿಯಮ್ಮನವರಿಗೆ ಕೈಜೋಡಿಸಿದವರಾರು? ನಾವು ಪ್ರತಿವರ್ಷ ಗೋದಲಿಯ ಮುಂದೆ ನಿಂತಾಗ ಈ ಪ್ರಶ್ನೆಗಳನ್ನೇ ಕೇಳಿಕೊಳ್ಳುತ್ತೇವೆ. ಆ ಕಾಲದ ಈಜಿಪ್ಟಿನಲ್ಲಿ, ಮುಖ್ಯವಾಗಿ ಅಲೆಕ್ಸಾಂಡ್ರಿಯಾ ನಗರದಲ್ಲಿ, ಯೆಹೂದ್ಯರು ಬಹುಸಂಖ್ಯೆಯಲ್ಲಿ ನೆಲೆಸಿದ್ದರು ಎಂಬುದು ಚರಿತ್ರೆ. ಹಾಗಾಗಿ ತಮ್ಮ ಕಡೆಯ ಯಾರಾದರೂ ಅವರಿಗೆ ಸಿಕ್ಕಿರಬಹುದು ಎಂದು ಊಹಿಸಿ ಸಮಾಧಾನಪಟ್ಟುಕೊಳ್ಳುತ್ತೇವೆ.

ನಮಗೆ ಈ ಯೋಚನೆ ಬರಲು ಕಾರಣವಿದೆ. 2018ರ ನವೆಂಬರ್ ತಿಂಗಳಲ್ಲಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ನಾವು ಗಂಡ ಹೆಂಡತಿ ಶಿವಮೊಗ್ಗದ ಕಡೆಯಿಂದ ಬೆಂಗಳೂರಿಗೆ ಬಂದೆವು. ನಮ್ಮನ್ನು ಯಾವ ಹೆರೋದನೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಕೆಲಸ ಸಿಕ್ಕಿತ್ತು, ಬಂದೆವು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಎರಡನೇ ಮಹಡಿಯಲ್ಲಿ ಒಂದು ಮನೆ ಹಿಡಿದೆವು. ಜೊತೆಗೆ ಬಂದ ಅತ್ತೆ ಹದಿನೈದು ದಿನ ಇದ್ದು, ಊರಿನಲ್ಲಿ ಅಡಿಕೆ ಕೊಯ್ಲು ಶುರುವಾದ್ದರಿಂದ ಹೊರಟುಹೋದರು. ಅಲ್ಲಿಂದ ಮುಂದೆ ನಮ್ಮಲ್ಲಿ ಒಬ್ಬರು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಿದ್ದರು. ಇನ್ನೊಬ್ಬರು ಆ ಹನ್ನೆರಡು ಗಂಟೆ ಕೂಸಿನೊಂದಿಗೆ ನಾಲ್ಕು ಗೋಡೆಗಳ ನಡುವೆ ಇರುತ್ತಿದ್ದರು.

ಬಾಣಂತನ ಎಂದರೆ ಏನೆಂದು ನಮಗೆ ಅರ್ಥವಾದದ್ದು ಆಗಲೇ. ತವರಿನಲ್ಲಿದ್ದಾಗ ಅದು ಬರೀ ಉಪಚಾರ, ಹಳೆಯ ಕಾಲದ ಕಟ್ಟುಪಾಡು ಎಂದುಕೊಂಡಿದ್ದೆವು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಹೊರಗೆ ಹೋಗಬೇಡ, ತಣ್ಣೀರು ಮುಟ್ಟಬೇಡ ಎಂಬ ಮಾತುಗಳು ಕಿರಿಕಿರಿಯಾಗುತ್ತಿದ್ದವು. ಆದರೆ ಅದರೊಳಗೆ ಕೆಲಸದ ಹಂಚಿಕೆ ಅಡಗಿತ್ತು. ಒಬ್ಬರು ಹಂಡೆಗೆ ಉರಿ ಹಾಕುವರು, ಒಬ್ಬರು ಕಾಲು ಚಾಚಿ ಕುಳಿತು ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವರು, ಒಬ್ಬರು ಬಟ್ಟೆ ಒಗೆಯುವರು, ಒಬ್ಬರು ಅಡುಗೆಮನೆಯಲ್ಲಿ. ತಾಯಿಯಾದವಳಿಗೆ ಉಳಿಯುತ್ತಿದ್ದುದು ಹಾಲೂಡಿಸುವುದು ಮತ್ತು ನಿದ್ದೆ ಮಾಡುವುದು. ನಾಲ್ಕು ಹೆಂಗಸರು ಮಾಡುತ್ತಿದ್ದ ಕೆಲಸ ನಗರದಲ್ಲಿ ಒಬ್ಬಳ ತಲೆಯ ಮೇಲೆ ಬೀಳುತ್ತದೆ. ಕುಲಾವಿ, ಲಂಗೋಟಿಗಳನ್ನು ಒಗೆದರೆ ಒಣಹಾಕಲು ಜಾಗವಿಲ್ಲ. ಬಾಲ್ಕನಿಯಲ್ಲಿ ಹರವಿದರೆ ಮನೆಯ ಮಾಲೀಕರಿಗೆ ಅಸಮಾಧಾನ.

ಇದರ ಜೊತೆಗೆ ಸಲಹೆಗಳು. ಊರಿನಿಂದ ಫೋನಿನಲ್ಲಿ ದಿನಕ್ಕೊಂದು. ಕೂಸು ಅತ್ತರೆ "ಹಾಲು ಸಾಲುತ್ತಿಲ್ಲ, ಪುಡಿ ಹಾಲು ಹಾಕಿ" ಎನ್ನುವರು. ಟ್ಯಾಂಕರ್ ನೀರನ್ನು ಕುದಿಸಿ, ಆರಿಸಿ, ಬಾಟಲಿಗೆ ತುಂಬಿ ಚಮಚದಲ್ಲಿ ಕುಡಿಸುತ್ತಿದ್ದೆವು. ಎಷ್ಟು ಶ್ರಮ, ಎಲ್ಲ ವ್ಯರ್ಥ! ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ, ನೀರು ಕೂಡ, ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿಗೆ ಬೇಕಾದ ನೀರು ಹಾಲಿನಲ್ಲಿಯೇ ಇರುತ್ತದೆ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮಗು ಹೆಚ್ಚು ಕುಡಿದಷ್ಟೂ ಹಾಲು ಹೆಚ್ಚುತ್ತದೆ; ನಡುವೆ ಬಾಟಲಿ ಬಂದರೆ ಕಡಿಮೆಯಾಗುತ್ತದೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ರೂಢಿಯೂ ನಮ್ಮಲ್ಲಿತ್ತು. ಹೆಂಚಿನ ಮನೆಯಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು, ಇಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಕೂಸಿನ ಎದೆಯೊಳಗೇ ಹೋಗುತ್ತದೆ. ವೈದ್ಯರು ಗದರಿದ ಮೇಲೆ ಬಿಟ್ಟೆವು.

ಚುಚ್ಚುಮದ್ದಿನ ವಿಷಯದಲ್ಲಿಯೂ ಎಡವಿದೆವು. ಆರನೇ ವಾರದ್ದನ್ನು ಊರಿನಲ್ಲಿ ಹಾಕಿಸಿದ್ದೆವು. ಹತ್ತು ಮತ್ತು ಹದಿನಾಲ್ಕನೇ ವಾರದ್ದನ್ನು ಎಲ್ಲಿ ಹಾಕಿಸಬೇಕೆಂದು ತಿಳಿಯದೆ ದಿನ ದೂಡಿದೆವು. ನಮ್ಮ ಕಾರ್ಡು ಬೇರೆ ಜಿಲ್ಲೆಯದು, ಇಲ್ಲಿ ನಡೆಯುವುದಿಲ್ಲವೇನೋ ಎಂಬ ಅಳುಕು. ಹಾಗೇನೂ ಇಲ್ಲ. ತಾಯಿ ಕಾರ್ಡನ್ನು ಹಿಡಿದು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಉಚಿತವಾಗಿ ಹಾಕುತ್ತಾರೆ. ತಡವಾಗಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಜನನ ನೋಂದಣಿ ಮಾತ್ರ ಮಗು ಹುಟ್ಟಿದ ಊರಿನಲ್ಲಿಯೇ ಆಗಬೇಕು, ಅದೂ 21 ದಿನಗಳೊಳಗೆ. ಹೆಸರಿಡುವುದು ತಡವಾದರೆ ಚಿಂತೆಯಿಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಜನನ ದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಊರು ಬಿಡುವ ಮುನ್ನ ಅದನ್ನು ಕೈಯಲ್ಲಿ ಹಿಡಿದೇ ಹೊರಡುವುದು ಒಳ್ಳೆಯದು.

ಇವೆಲ್ಲ ಕಾಗದಪತ್ರದ ಮಾತು. ಕಷ್ಟವಿದ್ದದ್ದು ಬೇರೆ ಕಡೆ.

ಡಿಸೆಂಬರ್ ಬರುವ ಹೊತ್ತಿಗೆ ನಮ್ಮಲ್ಲಿ ಮನೆಯಲ್ಲಿರುತ್ತಿದ್ದವರಿಗೆ ಸಂಜೆಯಾದೊಡನೆ ಅಳು ಬರುತ್ತಿತ್ತು. ಕಾರಣ ಕೇಳಿದರೆ ಹೇಳಲು ಏನೂ ಇಲ್ಲ. ಕೂಸು ಮಲಗಿದರೂ ನಿದ್ದೆಯಿಲ್ಲ, ಊಟ ರುಚಿಸದು. ನಾನು ಒಳ್ಳೆಯ ತಾಯಿಯಲ್ಲ ಎಂಬ ಮಾತು ಪದೇಪದೇ. ಒಂದು ರಾತ್ರಿ, ಈ ಮಗು ಬೇರೆ ಯಾರ ಮನೆಯಲ್ಲಾದರೂ ಹುಟ್ಟಬೇಕಿತ್ತು ಎಂಬ ಮಾತೂ ಬಂತು. ಇನ್ನೊಬ್ಬರು ಅದಕ್ಕೆ ಕೊಟ್ಟ ಉತ್ತರ, "ಎಲ್ಲರೂ ಮಕ್ಕಳನ್ನು ಹೆರುತ್ತಾರೆ, ನಿನಗೇನು ವಿಶೇಷ?" ಎಂದು. ಆ ಉತ್ತರಕ್ಕಾಗಿ ನಾವು ಇಂದಿಗೂ ನಾಚುತ್ತೇವೆ. ಊರಿನಿಂದ ಫೋನ್ ಬಂದಾಗ ಇಬ್ಬರೂ ನಗುನಗುತ್ತಾ "ಚೆನ್ನಾಗಿದ್ದೇವೆ" ಎನ್ನುತ್ತಿದ್ದೆವು.

ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನಗಳಲ್ಲಿ ಮನಸ್ಸು ಭಾರವಾಗುವುದು ಬಹುಪಾಲು ತಾಯಂದಿರಿಗೆ ಸಹಜ. ಅದು ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಆಮೇಲೆ ಶುರುವಾದರೆ, ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಲೋಕದಲ್ಲಿ ಹೆರಿಗೆಯಾದ ತಾಯಂದಿರಲ್ಲಿ ಶೇಕಡಾ 13ರಷ್ಟು ಮಂದಿ, ನಮ್ಮಂಥ ದೇಶಗಳಲ್ಲಿ ಶೇಕಡಾ 20ರ ಸಮೀಪ, ಇಂಥ ಮಾನಸಿಕ ತೊಂದರೆಗೆ ಒಳಗಾಗುತ್ತಾರೆ. ಖಿನ್ನತೆಯೇ ಅದರಲ್ಲಿ ಮುಖ್ಯವಾದುದು. ಹತ್ತಿರದ ಆಸರೆಯಿಲ್ಲದಿರುವುದು, ನಿದ್ದೆಗೇಡು, ಹಣದ ಚಿಂತೆ ಇವು ಅದನ್ನು ಹೆಚ್ಚಿಸುತ್ತವೆ. ಹೊಸ ಊರಿಗೆ ಬಂದ ಮನೆಯಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ಜಪಸರ ಹೇಳು ಸರಿಹೋಗುತ್ತದೆ ಎಂದು ನಮಗೆ ಹೇಳಿದವರೂ ಇದ್ದರು. ಪ್ರಾರ್ಥನೆಯಿಂದ ನಮಗೆ ಬಲ ಬಂದದ್ದು ನಿಜ, ಆದರೆ ಜ್ವರ ಬಂದರೆ ಪ್ರಾರ್ಥನೆಯೊಂದಿಗೆ ಮಾತ್ರೆಯನ್ನೂ ನುಂಗುವ ನಾವು ಈ ಕಾಯಿಲೆಗೆ ಮಾತ್ರ ವಿಶ್ವಾಸದ ಕೊರತೆಯೆಂದು ಹೆಸರಿಡುವುದು ಸರಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಾಲೂಡಿಸುವ ತಾಯಿಗೂ ಕೊಡಬಹುದಾದ ಔಷಧಗಳಿವೆ. ಅವನ್ನು ವೈದ್ಯರೇ ನಿರ್ಧರಿಸಬೇಕು.

ನಮ್ಮನ್ನು ವೈದ್ಯರ ಬಳಿಗೆ ಅಟ್ಟಿದವರು ಕೆಳಗಿನ ಮನೆಯ ಅಜ್ಜಿ. ಒಂದು ಮಧ್ಯಾಹ್ನ ಮೆಟ್ಟಿಲೇರಿ ಬಂದು ಬಾಗಿಲು ತಟ್ಟಿದರು. ಕೂಸಿನ ಅಳು ಜಾಸ್ತಿಯಾಯಿತೆಂದು ಜಗಳಕ್ಕೆ ಬಂದರೇನೋ ಎಂದು ಹೆದರಿದ್ದಾಯಿತು. ಅವರು ಒಳಗೆ ಬಂದವರೇ, "ಯಾಕಮ್ಮಾ, ಎರಡು ದಿನದಿಂದ ನಿನ್ನ ಧ್ವನಿಯೇ ಕೇಳಿಸ್ತಿಲ್ಲ? ಮಗು ಅಳೋದು ಮಾತ್ರ ಕೇಳ್ತಿದೆ" ಎಂದರು. ಕೂಸನ್ನು ಇಸಿದುಕೊಂಡು, "ಹೋಗು, ಮಲಗು, ಎಬ್ಬಿಸ್ತೀನಿ" ಎಂದರು. ಅಂದು ಮೂರು ಗಂಟೆ ನಿದ್ದೆಯಾಯಿತು. ಮರುದಿನದಿಂದ ನೀರೆರೆಯಲು ಅವರೇ ಬಂದರು. ಅವರ ಮನೆಮಾತು ತೆಲುಗು, ಅವರ ದೇವರ ಕೋಣೆಯಲ್ಲಿ ವೆಂಕಟರಮಣ. ಹದಿನೈದು ದಿನ ನೋಡಿ, ಸಂಜೆ ಕೆಲಸದಿಂದ ಬಂದವರನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ, "ಡಾಕ್ಟರ ಹತ್ರ ತೋರಿಸಪ್ಪಾ, ಇದು ಬರೀ ಆಯಾಸ ಅಲ್ಲ" ಎಂದರು. ತೋರಿಸಿದೆವು. ಸರಿಹೋಗಲು ನಾಲ್ಕೈದು ತಿಂಗಳು ಹಿಡಿಯಿತು.

ದೇವಾಲಯದ ಮಾತನ್ನೂ ಹೇಳಬೇಕು. ಮೊದಲ ನಾಲ್ಕು ಭಾನುವಾರ ಕೂಸು ಅತ್ತಾಗಲೆಲ್ಲ ಮುಂದಿನ ಸಾಲಿನವರು ತಿರುಗಿ ನೋಡುವರು, ನಾವು ಹೊರಗೆ ಹೋಗಿ ಮರದ ಕೆಳಗೆ ನಿಲ್ಲುವೆವು. ಯಾವ ಊರು ಎಂದು ಯಾರೂ ಕೇಳಲಿಲ್ಲ. ಅದರಲ್ಲಿ ನಮ್ಮ ತಪ್ಪೂ ಇತ್ತು. ನಾವೂ ಧರ್ಮಕೇಂದ್ರದ ಕಚೇರಿಗೆ ಹೋಗಿ ಹೆಸರು ಬರೆಸಿರಲಿಲ್ಲ. ಜ್ಞಾನಸ್ನಾನವನ್ನು ಹೇಗೂ ಊರಿನಲ್ಲಿಯೇ ಮಾಡಿಸುವುದು, ಇಲ್ಲಿ ನಾವು ಬಾಡಿಗೆದಾರರು ಎಂಬ ಭಾವನೆ. ಕೊನೆಗೆ ಗುರುಗಳ ಬಳಿ ಹೋದಾಗ ಅವರು ವಿವರಿಸಿದರು: ಮೂರು ತಿಂಗಳಾದರೂ ಇರುವ ಉದ್ದೇಶದಿಂದ ಒಂದು ಕಡೆ ವಾಸಕ್ಕೆ ಬಂದರೆ ಸಾಕು, ಧರ್ಮಸಭೆಯ ಕಾನೂನಿನ ಪ್ರಕಾರ ಆ ಧರ್ಮಕೇಂದ್ರ ನಮ್ಮದೂ ಆಗುತ್ತದೆ. ಕೂಸಿಗೆ ಹುಟ್ಟಿದ ಕೆಲವೇ ವಾರಗಳಲ್ಲಿ ಜ್ಞಾನಸ್ನಾನ ಕೊಡಿಸಬೇಕೆಂಬುದು ನಿಯಮ, ಹಬ್ಬಕ್ಕೆ ನೆಂಟರೆಲ್ಲ ಸೇರಲಿ ಎಂದು ತಿಂಗಳುಗಟ್ಟಲೆ ಕಾಯಬಾರದು. ಸಾಮಾನ್ಯವಾಗಿ ತಂದೆತಾಯಿಯ ಧರ್ಮಕೇಂದ್ರದಲ್ಲಿಯೇ ಆಗಬೇಕು. ತಕ್ಕ ಕಾರಣವಿದ್ದರೆ ಬೇರೆಡೆಯೂ ಆಗಬಹುದು. ಎಲ್ಲಿ ಆಯಿತೋ ಅಲ್ಲಿನ ದಾಖಲೆಯೇ ಮುಂದೆ ದೃಢೀಕರಣಕ್ಕೂ ಮದುವೆಗೂ ಬೇಕಾಗುವುದರಿಂದ, ಪ್ರತಿಯನ್ನು ಜೋಪಾನವಾಗಿಡಬೇಕು. ಇಷ್ಟು ಹೇಳಿ ಅವರು ನಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯದವರಿಗೆ ತಿಳಿಸಿದರು. ಅದೇ ವಾರ ಇಬ್ಬರು ತಾಯಂದಿರು ಒಂದು ಪಾತ್ರೆ ಸಾರು ಹಿಡಿದು ಮನೆಗೆ ಬಂದರು. ನಮ್ಮ ಮಗನಿಗೆ ಜ್ಞಾನಸ್ನಾನವಾದದ್ದು ಇಲ್ಲಿಯೇ, ಜನವರಿಯಲ್ಲಿ. ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿಯೇ ಕುಳಿತರು.

ತಂದೆಯಾದವರಿಗೂ ಒಂದು ಮಾತು. 2017ರ ತಿದ್ದುಪಡಿಯಿಂದ ದುಡಿಯುವ ತಾಯಂದಿರ ಹೆರಿಗೆ ರಜೆ ಮೊದಲೆರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅಪ್ಪನಿಗೆ ಸರ್ಕಾರಿ ನೌಕರಿಯಾದರೆ 15 ದಿನ ರಜೆಯುಂಟು. ಖಾಸಗಿಯಲ್ಲಿ ಅದು ಕಂಪನಿಯ ಮನಸ್ಸು. ನಮಗೆ ಸಿಕ್ಕಿದ್ದು ಮೂರು ದಿನ. ಆದರೆ ರಾತ್ರಿ ಎಂಟರ ನಂತರದ ಹೊತ್ತು ಯಾರ ಅಪ್ಪಣೆಯೂ ಬೇಕಿಲ್ಲದ್ದು. ಲಂಗೋಟಿ ಒಗೆಯುವುದನ್ನೂ, ರಾತ್ರಿ ಹನ್ನೆರಡರವರೆಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಾಡುವುದನ್ನೂ ನಾವು ತಡವಾಗಿಯೇ ಆದರೂ ಹಂಚಿಕೊಂಡೆವು. ಮೊದಲ ವಾರದಿಂದಲೇ ಹಂಚಿಕೊಂಡಿದ್ದರೆ ಆ ಡಿಸೆಂಬರ್ ಅಷ್ಟು ಕಠಿಣವಾಗುತ್ತಿರಲಿಲ್ಲ ಎಂದು ವೈದ್ಯರು ಮುಖಕ್ಕೆ ಹೊಡೆದಂತೆ ಹೇಳಿದರು.

ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಕಳೆದ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯ ಮುಂದೆ ಸಾಮಾನು ತುಂಬಿದ ಆಟೋ ನಿಂತಿತ್ತು, ಅದರಲ್ಲೊಂದು ತೊಟ್ಟಿಲೂ ಇತ್ತು. ನಾಳೆ ಸಂಜೆ ಹೋಗಿ ಮಾತನಾಡಿಸಿ ಬರಬೇಕೆಂದಿದ್ದೇವೆ. ಆರೋಗ್ಯ ಕೇಂದ್ರ ಯಾವ ರಸ್ತೆಯಲ್ಲಿದೆ ಎಂಬುದನ್ನಾದರೂ ಅವರಿಗೆ ಹೇಳಬಹುದು.