ಪುಟ್ಟ ಮಗುವಿಗೆ ಎಂಥ ವಿಡಿಯೋ ಗೇಮ್?

ನಾಲ್ಕು ವರ್ಷದ ಮಗು ವಿಡಿಯೋ ಗೇಮ್ ಬೇಕೆಂದು ಹಟ ಹಿಡಿದರೆ ಏನು ಮಾಡಬೇಕು? ಅನೇಕ ತಾಯಂದಿರು ಕೇಳುವ ಪ್ರಶ್ನೆಯಿದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಟಿ.ವಿ., ಮೊಬೈಲ್, ಗೇಮ್ ಎಲ್ಲ ಸೇರಿ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ.

ಮೊಬೈಲ್ ಆಟಗಳಿಗೆ 3+, 7+ ಎಂಬ ಗುರುತು ಇರುತ್ತದೆ. ಹಿಂಸೆ, ಹೆದರಿಕೆ, ಅಶ್ಲೀಲತೆ ಎಷ್ಟಿದೆ ಎಂಬುದಕ್ಕೆ ಅದು ಸೂಚನೆಯೇ ಹೊರತು ಆಟ ಮಗುವಿಗೆ ಹಿತವೆಂದು ಅರ್ಥವಲ್ಲ. ಆದ್ದರಿಂದ ಮೊದಲು ನೀವೇ ಆಡಿ ನೋಡಿ. ಚಿತ್ರ ಜೋಡಿಸುವ, ಬಣ್ಣ ತುಂಬುವ, ಒಂದು ಹಂತ ಮುಗಿದೊಡನೆ ನಿಲ್ಲಿಸಬಹುದಾದ ಆಟಗಳು ಆಗಬಹುದು. ಕೊನೆಯೇ ಇಲ್ಲದೆ ಓಡುವ, ನಡುನಡುವೆ ಹಣ ಕೇಳುವ ಆಟಗಳು ಬೇಡ.

ಝಗಝಗನೆ ಬೆಳಕು ಮಿಂಚುವ ಆಟಗಳಂತೂ ಬೇಡವೇ ಬೇಡ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಪೋಕೆಮಾನ್’ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಮಿಂಚಿದಾಗ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಹಲವರಿಗೆ ಫಿಟ್ಸ್ ಬಂದಿತ್ತು. ಹಿಂದೆಂದೂ ಬಾರದವರೂ ಅವರಲ್ಲಿದ್ದರು. ಈ ತೊಂದರೆ ಅಪರೂಪ, ಗಾಬರಿ ಬೇಡ. ಆದರೆ ಆಡುವಾಗ ಮಗುವಿನ ಕೈ ಅದುರಿದರೆ ಅಥವಾ ಕರೆದರೂ ಓಗೊಡದೆ ದೃಷ್ಟಿ ನೆಟ್ಟು ಕುಳಿತರೆ, ಅಂಗೈಯಿಂದ ಅದರ ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಮುಖವನ್ನು ಆಚೆ ತಿರುಗಿಸಿ. ಅನಂತರ ವೈದ್ಯರಿಗೆ ತೋರಿಸಿ.

ಫಿಟ್ಸ್ ಬಂದೇಬಿಟ್ಟರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. ಕೈಗೆ ಬೀಗದಕೈ ಗೊಂಚಲು ಹಿಡಿಸುವುದು ನಮ್ಮಲ್ಲಿ ರೂಢಿ, ಅದರಿಂದ ಪ್ರಯೋಜನವಿಲ್ಲ. 5 ನಿಮಿಷದಲ್ಲಿ ನಿಲ್ಲದಿದ್ದರೆ, ಮೊದಲ ಸಲ ಬಂದಿದ್ದರೂ ಸಹ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.