ಎಲ್ಲರ ಕಣ್ಣೆದುರಿನ ಗುಡ್ಡ

ಬಳ್ಳಾರಿ ಕೋಟೆಯ ಪೂರ್ವ ಬಾಗಿಲ ಹತ್ತಿರ ಒಂದು ಗೋರಿಯಿದೆ. ಹೈದರಾಲಿಗಾಗಿ ಕೆಳಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನದು ಅದು ಎಂಬುದು ಒಂದು ಮಾತು. ಮುಸ್ಲಿಂ ಸಂತರೊಬ್ಬರದು ಎಂಬುದು ಇನ್ನೊಂದು ನಂಬಿಕೆ. ಕತೆ ಬಳ್ಳಾರಿಯವರಿಗೆ ಹೊಸದಲ್ಲ. ಕೋಟೆ ಎದ್ದು ನಿಂತ ಮೇಲೆ, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಉಳಿಯದು ಎಂದು ಹೈದರನಿಗೆ ಗೊತ್ತಾಯಿತಂತೆ, ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ದಾಖಲೆ ಕೇಳುವವರು ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಕಟ್ಟಿದವನ ತಲೆದಂಡದ ಕತೆ ಎಷ್ಟೋ ಕಟ್ಟಡಗಳಿಗೆ ಅಂಟಿಕೊಂಡಿದೆ. ನನ್ನನ್ನು ಹಿಡಿದಿಟ್ಟಿರುವುದು ಈ ಕತೆ ಬಾಯಿಬಿಡದ ಒಂದು ಸಂಗತಿ. ಕುಂಬಾರ ಗುಡ್ಡ ರಾತ್ರೋರಾತ್ರಿ ಬೆಳೆದದ್ದಲ್ಲ. ಕಲ್ಲು ಒಡೆದವರು, ಗಾರೆ ಅರೆದವರು, ಕಾವಲಿಗೆ ನಿಂತ ಸಿಪಾಯಿಗಳು ದಿನಾ ಬೆಳಿಗ್ಗೆ ಅದರ ಮುಖ ನೋಡಿಯೇ ಕೆಲಸಕ್ಕೆ ಇಳಿದಿರಬೇಕು. ಯಾರೂ ಯಾಕೆ ಹೇಳಲಿಲ್ಲ? ಹೇಳಿದವನ ಗತಿ ಏನಾಗುತ್ತಿತ್ತು? ಸತ್ತವನಿಗೆ ಈಗ ಎರಡು ಗುರುತು ಸಿಕ್ಕಿವೆ, ಕಂಡೂ ಸುಮ್ಮನಿದ್ದವರಿಗೆ ಒಂದೂ ಇಲ್ಲ.

ಸಣ್ಣ ಊರಿನ ಭಯಾನಕ ಕಾದಂಬರಿ ಹುಟ್ಟುವುದು ಇಂಥ ಮೌನದಲ್ಲಿ ಎಂಬುದು ನನ್ನ ವಾದ. ಕನ್ನಡದಲ್ಲಿ ಅದಕ್ಕೆ ಗಟ್ಟಿ ಸಾಕ್ಷಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1985ರಲ್ಲಿ ಬಂದು, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲಿ ಕೆಸರೂರು ಎಂಬ ಮಲೆನಾಡಿನ ಊರಿದೆ, ಜೋಗಿಹಾಳ್ ಎಂಬ ವಿಜ್ಞಾನಿಯ ಅನುಮಾನಾಸ್ಪದ ಸಾವಿದೆ, ಅದರ ಜಾಡು ಹಿಡಿದು ಬರುವ ಅಂಗಡಿ ಎಂಬ ಅಧಿಕಾರಿಯಿದ್ದಾನೆ. ಮನೆಯ ಮೇಲೆ ಕಲ್ಲು ಬಿದ್ದರೆ ದೆವ್ವದ ಮಾತು ಏಳುತ್ತದೆ. ಓದುಗ ನಡುಗುವುದು ಮಾತ್ರ ಆ ಕಲ್ಲಿಗಲ್ಲ. ಜಾತಿ, ಧರ್ಮ, ಏಲಕ್ಕಿಯ ದುಡ್ಡು ಇವುಗಳ ನಡುವೆ ಪ್ರತಿಯೊಬ್ಬನಿಗೂ ಸತ್ಯದ ಒಂದೊಂದು ಚೂರು ಗೊತ್ತು. ಚೂರುಗಳನ್ನು ಜೋಡಿಸುವ ಗೋಜಿಗೆ ಊರು ಹೋಗುವುದಿಲ್ಲ. ಕೊನೆಗೆ ಬೆಂಕಿ ಬರುತ್ತದೆ. ಪುಟಪುಟಕ್ಕೂ ನಗಿಸುವ ಪುಸ್ತಕವನ್ನು ಭಯಾನಕ ಎನ್ನುವುದು ಹೇಗೆ ಎಂದು ಕೇಳಬಹುದು. ಆ ನಗೆಯೇ ನಮ್ಮನ್ನು ಕೆಸರೂರಿನವರ ಜೊತೆ ಸೇರಿಸಿಬಿಡುತ್ತದೆ. ನಕ್ಕು ಪುಟ ಮಗುಚಿದ ನಾವೂ ಬರುತ್ತಿರುವ ಅನಾಹುತವನ್ನು ಕಂಡೂ ಬಿಟ್ಟವರೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಾದರೆ ಅಪರಾಧಿಯನ್ನು ಹಿಡಿದು ನಮ್ಮನ್ನು ನಿರಾಳವಾಗಿ ಮಲಗಿಸುತ್ತಿದ್ದ. ತೇಜಸ್ವಿ ಆ ಉಪಕಾರ ಮಾಡುವುದಿಲ್ಲ.

ಮಳೆ, ಕಾಡು, ಕತ್ತಲೆ ಇದ್ದರೆ ಸರಿ, ಬಳ್ಳಾರಿಯ ಬಿಸಿಲಲ್ಲಿ ಎಂಥ ಭಯ ಎನ್ನುವವರಿಗೆ ಕುಂಬಾರ ಗುಡ್ಡವೇ ಉತ್ತರ. ಇಲ್ಲಿ ಮರೆಯೇ ಇಲ್ಲ. ಬೋಳು ಬಂಡೆ, ಸುಡುವ ಬಯಲು, ಎಲ್ಲರಿಗೂ ಎಲ್ಲ ಕಾಣುತ್ತದೆ. ಬ್ರಿಟಿಷರ ದಂಡಿನ ಜೊತೆ ಬೆಳೆದ ಕೌಲ್ ಬಜಾರಿನಲ್ಲಿ ಒಂದು ಸುದ್ದಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೊರಳುತ್ತದೆ, ಒಂದೊಂದು ಹೊರಳಿಗೂ ಏನೋ ಕಳಚಿಕೊಳ್ಳುತ್ತದೆ. ಸಸ್ಪೆನ್ಸ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಇನ್ನು ಗಣಿಯ ವರ್ಷಗಳು. ಅದಿರು ತುಂಬಿದ ಲಾರಿಗಳು ಬಳ್ಳಾರಿ ಸೀಮೆಯಲ್ಲಿ ಓಡಾಡಿದ್ದು ಹಾಡುಹಗಲೇ, ಹೊಸಪೇಟೆ ಸಂಡೂರು ದಾರಿಯ ಎಲೆ, ಹೆಂಚು, ಒಣಹಾಕಿದ ಬಟ್ಟೆ ಕೆಂಪಾದದ್ದೂ ಎಲ್ಲರ ಕಣ್ಣೆದುರೇ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ವರದಿಯೇ ಇರುವಾಗ ಕಾದಂಬರಿ ಯಾಕೆ ಎಂಬ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಅದಿರೆಷ್ಟು ಹೋಯಿತು, ಪರ್ಮಿಟ್ ಯಾರದು ಎಂಬ ಲೆಕ್ಕ ವರದಿಯಲ್ಲಿ ಸಿಗುತ್ತದೆ. ಬಟ್ಟೆಯ ಕೆಂಪು ಧೂಳು ಕೊಡವಿ, ಬಾಗಿಲು ಹಾಕಿಕೊಂಡ ಮೇಲೆ ಗಂಡ ಹೆಂಡತಿ ಯಾವ ಮಾತನ್ನು ಮಕ್ಕಳ ಎದುರು ಆಡಬಾರದೆಂದುಕೊಂಡರು ಎಂಬುದನ್ನು ಕಾದಂಬರಿಕಾರರೇ ಬರೆಯಬೇಕು, ಅದನ್ನು ಕೌಲ್ ಬಜಾರಿನ ಮೂರೂ ಭಾಷೆ ಬಲ್ಲವರೇ ಬರೆಯಲಿ ಎಂಬುದು ನನ್ನ ಆಸೆ.