ಅಣೆಕಟ್ಟಿಗೇಕೆ ಮೀನಿನ ಉಸಾಬರಿ?

ಸರ್ಕಾರ ಒಂದು ಕೆಲಸಕ್ಕೆಂದು ಸಂಸ್ಥೆ ಕಟ್ಟುತ್ತದೆ. ಕೆಲವು ವರ್ಷಗಳಲ್ಲಿ ಅದು ಇನ್ನೊಂದು ಕೆಲಸಕ್ಕೂ ಕೈ ಹಾಕುತ್ತದೆ. ಯಂತ್ರ ತಯಾರಿಕೆಗೆ ಹುಟ್ಟಿದ ಎಚ್.ಎಂ.ಟಿ. ಕೈಗಡಿಯಾರ ಮಾಡಿತು, ಆ ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಹಾಗಾದರೆ ಇಂಥ ಉಪಕಸುಬು ಬೇಕೆ ಎಂದು ನೀವು ಕೇಳಬಹುದು. ಉತ್ತರಕ್ಕೆ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿಗೆ ಬನ್ನಿ.

ಇಲ್ಲಿ 1953ರಲ್ಲಿ ತುಂಗಭದ್ರೆಯ ನೀರು ನಿಂತಿತು. ಅಣೆಕಟ್ಟು ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಕಂಪನಿಯಲ್ಲ, ಕಾನೂನಿನ ಪ್ರಕಾರ ರಚನೆಯಾದ ಸರ್ಕಾರಿ ಮಂಡಳಿ. ನೀರು ಹಂಚುವುದು ಅದರ ಮೊದಲ ಕೆಲಸ. ಜೊತೆಗೆ ಜಲಾಶಯದ ಮೀನುಗಾರಿಕೆಯ ಹೊಣೆಯೂ ಅದಕ್ಕಿದೆ. ತುಂಬಿದಾಗ ಜಲಾಶಯ ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಅಷ್ಟು ನೀರನ್ನು ಬರಿದೇ ಬಿಡುವುದೇಕೆ?

ಇಲ್ಲಿಯ ವಿಜ್ಞಾನ ಸರಳ. ಕಾಟ್ಲಾ ಮೀನು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಮೂರು ಅಂತಸ್ತಿನ ಮನೆಯಲ್ಲಿ ಮೂರು ಸಂಸಾರವಿದ್ದಂತೆ; ಒಂದರ ಊಟಕ್ಕೆ ಇನ್ನೊಂದು ಹೆಚ್ಚು ಕೈ ಹಾಕುವುದಿಲ್ಲ. ಆದರೆ ಇವು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಆದ್ದರಿಂದ ಮರಿಗಳನ್ನು ಸಾಕಿ ಬಿಡಬೇಕು. ನೀರು ಹೇಗೂ ಇದೆ, ಮೇವೂ ಅದರಲ್ಲೇ ಇದೆ. ಮುಖ್ಯ ಖರ್ಚು ಮರಿಗೆ ಮತ್ತು ಮೇಲ್ವಿಚಾರಣೆಗೆ.

ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮವನ್ನೂ ನೋಡಿ. ಮಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಈ ನಿಗಮ ಮಂಜುಗಡ್ಡೆ, ದೋಣಿಗಳಿಗೆ ಡೀಸೆಲ್, ಮತ್ಸ್ಯದರ್ಶಿನಿ ಹೋಟೆಲು ಎಂದು ಹರಡಿಕೊಂಡಿತು. ಎಲ್ಲವೂ ಮೀನಿನ ಸುತ್ತಲೇ. ಇರುವ ಆಸ್ತಿಗೆ, ಇರುವ ಅನುಭವಕ್ಕೆ ಹತ್ತಿರವಾದ ಉಪಕಸುಬು ನಿಲ್ಲುವ ಸಂಭವ ಹೆಚ್ಚು.

ಆದರೂ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಮೂಲ ಕೆಲಸ ಮರೆಯಬಾರದು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯ ಭತ್ತದ ರೈತರ ಎದೆ ನಡುಗಿತು. ಮೀನಿನಿಂದ ಎಷ್ಟೇ ಆದಾಯ ಬಂದರೂ ಗೇಟಿನ ನಿಗಾ ತಪ್ಪಿದರೆ ಅದು ಯಾವ ಲೆಕ್ಕಕ್ಕೂ ಬಾರದು.

ಎರಡನೆಯದು, ಲಾಭ ಯಾರಿಗೆ? ಮೀನು ಹಿಡಿಯುವ ಹಕ್ಕು ಒಬ್ಬ ಗುತ್ತಿಗೆದಾರನಿಗೆ ಹೋದರೆ ಸಂಸ್ಥೆಗೆ ಗಟ್ಟಿ ಹಣ ಒಮ್ಮೆಲೇ ಬರುತ್ತದೆ. ಬಲೆ ಬೀಸುವವನು ಅವನು ಹೇಳಿದ ದರಕ್ಕೆ ತಲೆಬಾಗಬೇಕು. ಮೀನುಗಾರರ ಸಹಕಾರ ಸಂಘಕ್ಕೆ ಹಕ್ಕು ಸಿಕ್ಕರೂ ಮಂಜುಗಡ್ಡೆ ಇರದಿದ್ದರೆ ಕಥೆ ಅದೇ. ಈ ಬಿಸಿಲಿನಲ್ಲಿ ಮೀನು ಮಧ್ಯಾಹ್ನದವರೆಗೂ ಕಾಯುವುದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಕೆರೆಗಳಿಗೂ ಇದರ ಪ್ರಯೋಜನ ಮುಟ್ಟಬಹುದು. ಕೆಲವೇ ತಿಂಗಳು ನೀರು ನಿಲ್ಲುವ ಕೆರೆಗೆ ಬೆರಳುದ್ದ ಬೆಳೆದ ಮರಿಯೇ ಬೇಕು. ಸಣ್ಣ ಮರಿ ತೂಕಕ್ಕೆ ಬರುವ ಮೊದಲೇ ಕೆರೆ ಬತ್ತುತ್ತದೆ. ಅಂಥ ಮರಿಯನ್ನು ಸಕಾಲಕ್ಕೆ ಒದಗಿಸುವುದು ಸರ್ಕಾರಿ ಸಂಸ್ಥೆ ಮಾಡಬಹುದಾದ ದೊಡ್ಡ ಉಪಕಾರ.

ಆದ್ದರಿಂದ ಮುಂದೆ ಯಾವುದೇ ಸರ್ಕಾರಿ ಸಂಸ್ಥೆ ಹೊಸ ವ್ಯಾಪಾರ ತೆರೆದಾಗ ಮೂರು ಪ್ರಶ್ನೆ ಕೇಳಿ: ಮೂಲ ಕೆಲಸ ಸರಿಯಾಗಿ ನಡೆದಿದೆಯೆ? ಹೊಸ ಕೆಲಸದ ಲೆಕ್ಕ ಬೇರೆಯಾಗಿ ಇಟ್ಟಿದ್ದಾರೆಯೆ? ದುಡಿಯುವವನ ಕೈಗೆ ಎಷ್ಟು ಬರುತ್ತದೆ? ಹಣ ನಿಮ್ಮದು. ಕೇಳುವ ಹಕ್ಕೂ ನಿಮ್ಮದೇ.